ಮೋಡದೊಳಗೊಂದು ಕಣ್ಣಾಮುಚ್ಚಾಲೆ

ಮನೆಯಲ್ಲಿ ತಿರುಗುವ ಕುರ್ಚಿ ಇದ್ದರೆ ಒಂದು ಆಟ ಆಡಿ ನೋಡಿ. ಒಬ್ಬರು ಕಣ್ಣು ಮುಚ್ಚಿಕೊಂಡು, ತಲೆ ನೇರವಾಗಿಟ್ಟು ಕುರ್ಚಿಯಲ್ಲಿ ಕೂರಲಿ. ದೊಡ್ಡವರೊಬ್ಬರು ಕುರ್ಚಿಯನ್ನು ಮೆಲ್ಲಗೆ, ಒಂದೇ ವೇಗದಲ್ಲಿ ಬಲಕ್ಕೆ ತಿರುಗಿಸುತ್ತಾ ಹೋಗಲಿ. ಕೂತವರು ತಾವು ಯಾವ ಕಡೆಗೆ ತಿರುಗುತ್ತಿದ್ದೇವೆ ಅನ್ನಿಸುತ್ತದೋ ಆ ಕಡೆಗೆ ಹೆಬ್ಬೆರಳು ತೋರಿಸುತ್ತಿರಬೇಕು. ಮೊದಮೊದಲು ಸರಿಯಾಗಿಯೇ ತೋರಿಸುತ್ತಾರೆ. ಸುಮಾರು ಇಪ್ಪತ್ತು ಸೆಕೆಂಡು ಕಳೆಯುವ ಹೊತ್ತಿಗೆ 'ನಿಂತುಹೋಯ್ತು' ಅನ್ನುತ್ತಾರೆ. ಕುರ್ಚಿ ಮಾತ್ರ ತಿರುಗುತ್ತಲೇ ಇರುತ್ತದೆ. ಈಗ ಕುರ್ಚಿಯನ್ನು ನಿಲ್ಲಿಸಿಬಿಡಿ. ಹೆಬ್ಬೆರಳು ಎಡಕ್ಕೆ ತಿರುಗುತ್ತದೆ! ನೋಡುವವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಕೂತವರು ಮಾತ್ರ 'ಆಣೆಗೂ ಎಡಕ್ಕೆ ತಿರುಗುತ್ತಿದ್ದೇನೆ' ಎಂದು ವಾದಿಸುತ್ತಾರೆ.

ಅವರು ಸುಳ್ಳು ಹೇಳುತ್ತಿಲ್ಲ. ನಮ್ಮ ಒಳಗಿವಿಯಲ್ಲಿ ಅರ್ಧಚಂದ್ರಾಕಾರದ ಮೂರು ಸಣ್ಣ ನಳಿಕೆಗಳಿವೆ. ಅದರೊಳಗೆ ದ್ರವ. ತಲೆ ತಿರುಗಿದಾಗ ನಳಿಕೆ ತಕ್ಷಣ ತಿರುಗುತ್ತದೆ, ದ್ರವ ಸ್ವಲ್ಪ ಹಿಂದೆ ಬೀಳುತ್ತದೆ. ಆ ವ್ಯತ್ಯಾಸವನ್ನೇ ಮಿದುಳು 'ತಿರುಗುತ್ತಿದ್ದೇನೆ' ಎಂದು ಓದಿಕೊಳ್ಳುತ್ತದೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ದ್ರವವೂ ನಳಿಕೆಯ ವೇಗಕ್ಕೆ ಹೊಂದಿಕೊಂಡುಬಿಡುತ್ತದೆ. ವ್ಯತ್ಯಾಸವೇ ಇಲ್ಲ, ಹಾಗಾಗಿ ಸುದ್ದಿಯೂ ಇಲ್ಲ. ನಿಲ್ಲಿಸಿದಾಗ ನಳಿಕೆ ನಿಂತರೂ ದ್ರವ ಮುಂದಕ್ಕೆ ಓಡುತ್ತದೆ, ಉಲ್ಟಾ ಸುದ್ದಿ ಹೋಗುತ್ತದೆ. ನೆಲದ ಮೇಲೆ ನಡೆದಾಡುವ ನಮಗೆ ಈ ವ್ಯವಸ್ಥೆ ಸಾಕು. ಕಣ್ಣು ತೆರೆದರೆ ಎಲ್ಲ ಸರಿಹೋಗುತ್ತದೆ.

ಕಣ್ಣು ತೆರೆದರೂ ಏನೂ ಕಾಣದ ಜಾಗವೊಂದಿದೆ: ಮೋಡದ ಒಳಗೆ.

ನಾನು ತೀರ್ಥಹಳ್ಳಿ ಕಡೆಯವನು. ಹೊಟ್ಟೆಪಾಡಿಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಂಡೆಯಲ್ಲಿ ಸಾಫ್ಟ್‌ವೇರ್ ಕೆಲಸ. ವಾರಾಂತ್ಯಗಳಲ್ಲಿ ಪಾಲೋ ಆಲ್ಟೊದ ಪುಟ್ಟ ವಿಮಾನ ನಿಲ್ದಾಣದಿಂದ ಸೆಸ್ನಾ 172 ಎಂಬ ನಾಲ್ಕು ಸೀಟಿನ, ಒಂದೇ ಇಂಜಿನ್ನಿನ ವಿಮಾನ ಹಾರಿಸುತ್ತೇನೆ. ನಮ್ಮದೇನಲ್ಲ, ಕ್ಲಬ್ಬಿನದು, ಗಂಟೆ ಲೆಕ್ಕದಲ್ಲಿ ಬಾಡಿಗೆ. ಸಾಮಾನ್ಯ ಲೈಸೆನ್ಸ್ ಇದ್ದವರು ಮೋಡಕ್ಕೆ ನುಗ್ಗುವಂತಿಲ್ಲ. ಅದಕ್ಕೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಅನ್ನುವ ಇನ್ನೊಂದು ಪರೀಕ್ಷೆ ಪಾಸಾಗಬೇಕು. ಹೊರಗೆ ನೋಡದೆ, ಎದುರಿನ ಉಪಕರಣಗಳನ್ನಷ್ಟೇ ಓದಿ ವಿಮಾನ ನಡೆಸುವ ವಿದ್ಯೆ ಅದು. ನಾನು ಪಾಸಾಗಿ ಎಂಟು ವರ್ಷವಾಯಿತು. ಕಲಿಯುವುದು ಕಷ್ಟವೇ ಆಗಿತ್ತು. ಆದರೆ ಕಲಿತದ್ದನ್ನು ಉಳಿಸಿಕೊಳ್ಳುವುದು ಅದಕ್ಕಿಂತ ವಿಚಿತ್ರ ಕಷ್ಟ, ಯಾಕೆಂದರೆ ಇದು ಬಳಕೆಗೆ ಬರುವುದೇ ಅಪರೂಪ.

ಆಗುಂಬೆ ಘಾಟಿಯಲ್ಲಿ ಮಳೆಗಾಲದ ಮಂಜು ಕವಿದಾಗ ನಮ್ಮ ಬಸ್ಸಿನ ಡ್ರೈವರ್ ಏನು ಮಾಡುತ್ತಿದ್ದರು? ಲೈಟ್ ಹಾಕಿ ನಿಧಾನ ಮಾಡುತ್ತಿದ್ದರು. ತೀರಾ ಕಾಣದಿದ್ದರೆ ಬದಿಗೆ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದರು. ವಿಮಾನಕ್ಕೆ ಬದಿಗೆ ನಿಲ್ಲಿಸುವ ಸೌಲಭ್ಯ ಇಲ್ಲ. ನಿಧಾನವನ್ನೂ ಒಂದು ಮಿತಿಯವರೆಗೆ ಮಾತ್ರ ಮಾಡಬಹುದು, ಅದಕ್ಕಿಂತ ಕಡಿಮೆಯಾದರೆ ರೆಕ್ಕೆ ಭಾರ ಹೊರುವುದನ್ನೇ ಬಿಡುತ್ತದೆ.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪರೀಕ್ಷೆ ನಡೆಯಿತು. ಉಪಕರಣ ನೋಡಿ ಹಾರಿಸುವ ತರಬೇತಿ ಇಲ್ಲದ 20 ಪೈಲಟ್‌ಗಳಿಗೆ ಹೊರಗಿನ ನೋಟವನ್ನು ಮರೆಮಾಡಿ ವಿಮಾನ ನಡೆಸಲು ಹೇಳಿದರು. ಇಪ್ಪತ್ತೂ ಜನ ಹತೋಟಿ ಕಳೆದುಕೊಂಡರು. ಸರಾಸರಿ ಹಿಡಿದ ಸಮಯ 178 ಸೆಕೆಂಡು. ಮೂರು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ. ಜೊತೆಗೆ ಬೋಧಕರಿದ್ದರು, ಯಾರಿಗೂ ಏನೂ ಆಗಲಿಲ್ಲ ಅನ್ನಿ. ಹೆಚ್ಚಿನವರು ಮಾಡಿದ್ದು ಒಂದೇ: ವಿಮಾನ ಗೊತ್ತಾಗದಷ್ಟು ಮೆಲ್ಲಗೆ ವಾಲಿ ಸುತ್ತತೊಡಗಿತು, ಮೂಗು ಕೆಳಗಾಯಿತು, ಅವರು ಎತ್ತಲು ಹಿಂದಕ್ಕೆ ಎಳೆದಷ್ಟೂ ಸುತ್ತು ಬಿಗಿಯಾಯಿತು.

ಈ ಮಾತು ಹೇಳಿದಾಗ ನನ್ನ ಹನ್ನೆರಡು ವರ್ಷದ ಮಗಳು ಒಂದು ಉಪಾಯ ಕೊಟ್ಟಿದ್ದಳು. "ಅಪ್ಪಾ, ಒಂದು ದಾರಕ್ಕೆ ಕಲ್ಲು ಕಟ್ಟಿ ತೂಗುಬಿಡು. ವಿಮಾನ ವಾಲಿದ್ರೆ ದಾರ ತೋರಿಸತ್ತೆ." ಗಾರೆ ಕೆಲಸದವರ ತೂಗುಗುಂಡಿನ ತರ್ಕ, ಚೆನ್ನಾಗಿಯೇ ಇದೆ. ಆದರೆ ಸರಿಯಾಗಿ ತಿರುಗುತ್ತಿರುವ ವಿಮಾನದಲ್ಲಿ ಆ ದಾರವೂ ವಿಮಾನದ ಜೊತೆಗೇ ವಾಲುತ್ತದೆ, ನೆಲಹಾಸಿಗೆ ನೇರವಾಗಿಯೇ ನೇತಾಡುತ್ತದೆ. ಬಕೆಟ್ಟಿನಲ್ಲಿ ನೀರು ತುಂಬಿ ಗಿರ್ರನೆ ತಿರುಗಿಸಿದಾಗ ಚೆಲ್ಲುವುದಿಲ್ಲವಲ್ಲ, ಆ ಜಾತಿಯದೇ ಸಂಗತಿ. ಅಮೆರಿಕದ ಬಾಬ್ ಹೂವರ್ ಎಂಬ ಪ್ರಸಿದ್ಧ ಪೈಲಟ್ ವಿಮಾನವನ್ನು ಪೂರ್ತಿ ಉರುಳಿಸುತ್ತಲೇ ಲೋಟಕ್ಕೆ ಟೀ ಸುರಿದು ತೋರಿಸುತ್ತಿದ್ದರು. ಹನಿ ಆಚೆ ಬೀಳುತ್ತಿರಲಿಲ್ಲ. ಕಲ್ಲಿಗೆ, ಟೀಗೆ ತಿಳಿಯದ್ದು ನಮ್ಮ ಕಿವಿಗೆ ತಿಳಿಯುವುದು ಹೇಗೆ?

ಈ ಮೋಸವನ್ನು ಹಿಡಿದ ಕತೆಯ ಒಂದು ತುಂಡು ನಮ್ಮ ಊರಿನ ಪಕ್ಕದಲ್ಲೇ ನಡೆದದ್ದು. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯ ಹತ್ತಿರ ಕ್ರಿಸಿ ಫೀಲ್ಡ್ ಎಂಬ ಉದ್ಯಾನವಿದೆ. ಭಾನುವಾರ ಜನ ಗಾಳಿಪಟ ಹಾರಿಸುತ್ತಾರೆ. ಹಿಂದೆ ಅದು ಸೇನೆಯ ವಿಮಾನ ನಿಲ್ದಾಣ. 1926ರಲ್ಲಿ ಅಲ್ಲಿ ಡೇವಿಡ್ ಮೈಯರ್ಸ್ ಎಂಬ ವೈದ್ಯರು ವಿಲಿಯಂ ಆಕರ್ ಎಂಬ ಅನುಭವಿ ಪೈಲಟ್‌ನನ್ನು, ನೀವು ಈಗ ಆಡಿದಿರಲ್ಲ, ಅಂಥದೇ ತಿರುಗು ಕುರ್ಚಿಯಲ್ಲಿ ಕಣ್ಣು ಮುಚ್ಚಿಸಿ ಕೂರಿಸಿದರು. ಆಕರ್ ಉತ್ತರಗಳೆಲ್ಲ ತಪ್ಪಾದವು. ಆತ ಸುಮ್ಮನಾಗಲಿಲ್ಲ. ಒಂದು ಪೆಟ್ಟಿಗೆಯೊಳಗೆ ವಿಮಾನದ ತಿರುವು ತೋರಿಸುವ ಉಪಕರಣವನ್ನೂ ಒಂದು ಟಾರ್ಚನ್ನೂ ಇಟ್ಟುಕೊಂಡು ಮತ್ತೆ ಬಂದು ಕೂತ. ಪೆಟ್ಟಿಗೆಯೊಳಗೆ ಇಣುಕಿಕೊಂಡು ಹೇಳಿದ ಉತ್ತರಗಳೆಲ್ಲ ಸರಿಯಾದವು. ದೇಹದ ಮಾತನ್ನು ಬಿಟ್ಟು ಮುಳ್ಳಿನ ಮಾತನ್ನು ನಂಬಬೇಕು ಅನ್ನುವುದು ಅಲ್ಲಿ ರುಜುವಾಯಿತು. ಆಮೇಲೆ ಆಕರ್ ಮತ್ತು ಆತನ ಜೊತೆಗಾರ ಕಾರ್ಲ್ ಕ್ರೇನ್ ಪಾರಿವಾಳಗಳ ಕಣ್ಣು ಕಟ್ಟಿ ವಿಮಾನದಿಂದ ಹಾರಿಬಿಟ್ಟು ನೋಡಿದರು. ಅವುಗಳಿಗೂ ಹಾರಲಾಗದೆ ರೆಕ್ಕೆ ಬಿಚ್ಚಿಕೊಂಡು ಕೆಳಗಿಳಿದವು. ಹುಟ್ಟಾ ಹಾರುವ ಹಕ್ಕಿಯ ಪಾಡೇ ಹೀಗೆ.

1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕಿನ ಮಿಚೆಲ್ ಫೀಲ್ಡ್‌ನಲ್ಲಿ ಜಿಮ್ಮಿ ಡೂಲಿಟಲ್ ತನ್ನ ಸೀಟಿಗೆ ಪೂರ್ತಿ ಮುಸುಕು ಹಾಕಿಸಿಕೊಂಡು, ನೆಲದಿಂದ ಏರಿ, ಸುತ್ತು ಹಾಕಿ, ಮತ್ತೆ ನೆಲಕ್ಕೆ ಇಳಿದ. ಹೊರಗೆ ಒಮ್ಮೆಯೂ ನೋಡಲಿಲ್ಲ. ಹದಿನೈದು ನಿಮಿಷದ ಹಾರಾಟ ಅಷ್ಟೆ. ಆದರೆ ಇವತ್ತು ನೀವು ಮಳೆಗಾಲದಲ್ಲಿ ಮಂಗಳೂರಿಗೆ ವಿಮಾನದಲ್ಲಿ ಹೋಗಿ ಇಳಿಯುವುದು ಆ ಹದಿನೈದು ನಿಮಿಷದ ಮುಂದುವರಿಕೆಯೇ.

ಇನ್ನು ನಮ್ಮ ಪುಟ್ಟ ವಿಮಾನದೊಳಕ್ಕೆ ಬನ್ನಿ. ಎದುರಿಗೆ ಆರು ಮುಖ್ಯ ಗಡಿಯಾರಗಳು: ವೇಗ, ಕೃತಕ ದಿಗಂತ, ಎತ್ತರ, ತಿರುವು, ದಿಕ್ಕು, ಏರಿಳಿತದ ವೇಗ. ಮದುವೆ ಮನೆಯ ಅಡುಗೆ ಭಟ್ಟರನ್ನು ನೋಡಿದ್ದೀರಲ್ಲ, ಅನ್ನದ ಹಂಡೆಯ ಮೇಲೊಂದು ಕಣ್ಣು, ಸಾರಿನ ಮೇಲೊಂದು, ಪಾಯಸಕ್ಕೊಂದು ಸಲ ಸೌಟು. ಯಾವುದರ ಮುಂದೆಯೂ ನಿಂತುಬಿಡುವುದಿಲ್ಲ. ನಮ್ಮ ಕಣ್ಣೂ ಹಾಗೇ ಓಡಾಡಬೇಕು. ಕೃತಕ ದಿಗಂತ ನೋಡು, ಎತ್ತರ ನೋಡು, ಮತ್ತೆ ದಿಗಂತ, ದಿಕ್ಕು, ಮತ್ತೆ ದಿಗಂತ. ಒಂದರ ಮೇಲೇ ಕಣ್ಣು ನೆಟ್ಟರೆ ಉಳಿದದ್ದು ತಳ ಹಿಡಿಯುತ್ತದೆ.

ಕ್ಯಾಲಿಫೋರ್ನಿಯಾದ ಆಕಾಶ ವರ್ಷದ ಬಹುಪಾಲು ನಿರ್ಮಲ. ಚಳಿಗಾಲದ ಮೋಡಗಳು ಬರುತ್ತವೆ, ಆದರೆ ಅವುಗಳೊಳಗೆ ಹೋದರೆ ರೆಕ್ಕೆಯ ಮೇಲೆ ಹಿಮ ಕಟ್ಟುವ ಭಯ. ನಮ್ಮಂಥ ವಿಮಾನಕ್ಕೆ ಅದು ನಿಷಿದ್ಧ. ಉಳಿಯುವುದು ಬೇಸಿಗೆಯ ಬೆಳಗಿನ ಸಮುದ್ರ ಮೋಡ. ಪೆಸಿಫಿಕ್ಕಿನ ತಣ್ಣನೆಯ ನೀರಿನ ಮೇಲೆ ಹುಟ್ಟಿ, ಹತ್ತಿಯ ಹಾಸಿಗೆಯಂತೆ ಕೊಲ್ಲಿಯ ಮೇಲೆ ಹರಡಿ, ಮಧ್ಯಾಹ್ನದೊಳಗೆ ಕರಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದವರು ತಮ್ಮೂರ ಮಂಜಿಗೆ 'ಕಾರ್ಲ್' ಎಂದು ಹೆಸರನ್ನೇ ಇಟ್ಟಿದ್ದಾರೆ. ವರ್ಷಕ್ಕೆ ನಾಲ್ಕೈದು ಸಲ, ಪ್ರತಿ ಸಲ ಎರಡು ಮೂರು ನಿಮಿಷ, ಈ ಕಾರ್ಲನ ಹೊಟ್ಟೆಯೊಳಗೆ ಹಾದುಹೋಗುತ್ತೇನೆ. ಇಡೀ ವರ್ಷಕ್ಕೆ ಸೇರಿಸಿದರೂ ಅರ್ಧ ಗಂಟೆ ಆಗಲಾರದು.

ಕಾನೂನು ಇದನ್ನು ತಿಳಿಯದೇನಿಲ್ಲ. ಅಮೆರಿಕದ ನಿಯಮದ ಪ್ರಕಾರ ಹಿಂದಿನ ಆರು ತಿಂಗಳಲ್ಲಿ ಕನಿಷ್ಠ ಆರು ಅಪ್ರೋಚ್, ಅಂದರೆ ಉಪಕರಣಗಳ ನೆರವಿನಿಂದಲೇ ರನ್‌ವೇ ಕಡೆಗೆ ಇಳಿದು ಬರುವ ಆರು ಸಲದ ಅಭ್ಯಾಸ ಆಗಿರಬೇಕು. ಆಕಾಶದಲ್ಲಿ ಒಂದು ಬಿಂದುವಿನ ಬಳಿ ಸರದಿ ಕಾಯುತ್ತಾ ಸುತ್ತುವ 'ಹೋಲ್ಡಿಂಗ್' ಮಾಡಿರಬೇಕು. ರೇಡಿಯೊ ದಾರಿಯನ್ನು ಹಿಡಿದು ಹೋಗಿರಬೇಕು. ಇಲ್ಲವಾದರೆ ಮೋಡಕ್ಕೆ ಪ್ರವೇಶವಿಲ್ಲ. ಇದು ಒಳ್ಳೆಯ ನಿಯಮವೇ. ಆದರೆ ನನಗೆ ಅದರ ಮೇಲೊಂದು ತಕರಾರಿದೆ: ಅದು ಎಣಿಸುತ್ತದೆ, ತೂಗುವುದಿಲ್ಲ. ಗಾಳಿಯಿಲ್ಲದ ಒಂದು ಮಧ್ಯಾಹ್ನ, ಗುರುತಿರುವ ಒಂದೇ ನಿಲ್ದಾಣಕ್ಕೆ, ಆಟೊಪೈಲಟ್ ಹಾಕಿಕೊಂಡು ಆರೂ ಅಪ್ರೋಚ್ ಮುಗಿಸಿದರೂ ಪುಸ್ತಕದಲ್ಲಿ ಆರೇ.

ನಮ್ಮಮ್ಮ ಯುಗಾದಿಗೆ ಒಬ್ಬಟ್ಟು ಮಾಡುವಾಗ ಮೊದಲನೆಯದು ಯಾವಾಗಲೂ ಹರಿದು ಹೂರಣ ಹೊರಗೆ ಬರುತ್ತಿತ್ತು. ವರ್ಷದ ಮೇಲೆ ಕೈಗೆ ಹದ ಸಿಗಬೇಕಲ್ಲ. ಹರಿದದ್ದು ನನ್ನ ತಟ್ಟೆಗೆ ಬೀಳುತ್ತಿತ್ತು, ನನಗೇನು ನಷ್ಟವಿರಲಿಲ್ಲ. ಮೋಡದಲ್ಲಿ ಮಾತ್ರ ಮೊದಲನೆಯದೇ ಹರಿಯದೆ ಬರಬೇಕು.

ಹಾಗಾದರೆ ಮರೆತುಹೋಗುವುದು ನಿಖರವಾಗಿ ಯಾವುದು? ಕೈಚಳಕವೋ, ಬೇರೆ ಏನಾದರೂ ಇದೆಯೋ? ಇಲ್ಲೇ ಪಕ್ಕದಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರವಿದೆ. ಅಲ್ಲಿನ ಸ್ಟೀಫನ್ ಕ್ಯಾಸ್ನರ್ ಮತ್ತು ಸಂಗಡಿಗರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 16 ಮಂದಿ ಏರ್‌ಲೈನ್ ಪೈಲಟ್‌ಗಳನ್ನು ಬೋಯಿಂಗ್ 747ರ ಸಿಮ್ಯುಲೇಟರ್‌ನಲ್ಲಿ ಕೂರಿಸಿ, ಯಂತ್ರದ ಸಹಾಯವನ್ನು ಒಂದೊಂದಾಗಿ ಕಳಚಿ ನೋಡಿದರು. ಕೈ ಅಷ್ಟೇನೂ ಮರೆತಿರಲಿಲ್ಲ. ಉಪಕರಣಗಳ ಮೇಲೆ ಕಣ್ಣು ಓಡಿಸುವುದೂ ತುಕ್ಕು ಹಿಡಿದಿರಲಿಲ್ಲ. ಹೋಗಿದ್ದು ತಲೆಯ ಕೆಲಸ: ನಕ್ಷೆ ಇಲ್ಲದಾಗ ತಾನು ಎಲ್ಲಿದ್ದೇನೆ, ಮುಂದಿನ ಹೆಜ್ಜೆ ಏನು, ಯಾವ ಉಪಕರಣ ಕೆಟ್ಟು ಸುಳ್ಳು ಹೇಳುತ್ತಿದೆ ಎಂದು ಗುರುತಿಸುವುದು. ಸೈಕಲ್ ಕಲಿತವರು ಮರೆಯುವುದಿಲ್ಲ ಅನ್ನುತ್ತಾರಲ್ಲ, ಆ ಮಾತು ಅರ್ಧ ನಿಜ. ಪೆಡಲ್ ತುಳಿಯುವುದು ಮರೆಯುವುದಿಲ್ಲ. ಸಂತೆ ಬೀದಿಯಲ್ಲಿ ಮುಂದಿನ ತಿರುವಿನಿಂದ ಏನು ಬಂದೀತು ಅನ್ನುವ ಎಚ್ಚರ ಮರೆಯುತ್ತದೆ.

ಆ ಅಧ್ಯಯನ ಓದಿದ ಮೇಲೆ ನನ್ನ ಅಭ್ಯಾಸದ ರೀತಿ ಬದಲಾಯಿತು. ಮೊದಲು ಎಲ್ಲವನ್ನೂ ಆಕಾಶದಲ್ಲೇ ಮಾಡುತ್ತಿದ್ದೆ, ಈಗ ಅರ್ಧ ಅಭ್ಯಾಸ ಊಟದ ಮೇಜಿನ ಮೇಲೆ ನಡೆಯುತ್ತದೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಹದಿನೈದು ನಿಮಿಷ. ನಾನು ಕುರ್ಚಿಯಲ್ಲಿ ಕೂತು ಅಪ್ರೋಚ್ ನಕ್ಷೆ ಹರಡಿಕೊಳ್ಳುತ್ತೇನೆ. ಮಗಳು ಕಂಟ್ರೋಲರ್. ಗಂಟಲು ಗಡಸು ಮಾಡಿಕೊಂಡು ಅವಳು ಹೇಳುವ ದಿಕ್ಕು, ಎತ್ತರ ಕೇಳಿ ನಾನು ಮರುನುಡಿಯಬೇಕು, ಮುಂದೆ ಮಾಡುವುದನ್ನು ಬಾಯಿಬಿಟ್ಟು ಹೇಳಬೇಕು. ಹೋಲ್ಡಿಂಗ್ ಎಂದರೆ ಮೊಟ್ಟೆಯಾಕಾರದ ಸುತ್ತು. ಅದರೊಳಗೆ ಸೇರಿಕೊಳ್ಳಲು ಮೂರು ಬಗೆ ಇದೆ, ನಾವು ಬರುವ ದಿಕ್ಕಿನ ಮೇಲೆ ಯಾವುದೆಂದು ನಿರ್ಧಾರ. ಅದನ್ನು ಬೆರಳಲ್ಲಿ ಮೇಜಿನ ಮೇಲೆ ಬರೆದು ತೋರಿಸುತ್ತೇನೆ. ಅವಳಿಗೆ ಬೇಸರವಾದಾಗ ಸೇಡು ತೀರಿಸಿಕೊಳ್ಳುತ್ತಾಳೆ: "ಅಪ್ಪಾ, ನಿನ್ನ ಕೃತಕ ದಿಗಂತ ಕೆಟ್ಟೋಯ್ತು. ರೇಡಿಯೊನೂ ಇಲ್ಲ. ಈಗೇನ್ಮಾಡ್ತೀಯ?"

ತಮಾಷೆಗೆ ಹೇಳಿದರೂ ಅವಳ ಮೊದಲ ಪ್ರಶ್ನೆ ದೊಡ್ಡದು. ನಮ್ಮ ಹಳೆಯ ಸೆಸ್ನಾದಲ್ಲಿ ಕೃತಕ ದಿಗಂತದೊಳಗಿನ ಬುಗುರಿ ತಿರುಗುವುದು ಒಂದು ನಿರ್ವಾತ ಪಂಪಿನ ಬಲದಿಂದ. ಪಂಪು ಕೆಟ್ಟರೆ ಸದ್ದಾಗುವುದಿಲ್ಲ. ವೇಗ ಕಳೆದುಕೊಂಡ ಬುಗುರಿ ಮೆಲ್ಲಗೆ ಓಲಾಡುವಂತೆ ದಿಗಂತದ ಗೆರೆ ಸ್ವಲ್ಪ ಸ್ವಲ್ಪವೇ ವಾಲುತ್ತಾ ಹೋಗುತ್ತದೆ. ದೇಹವನ್ನು ನಂಬಬೇಡ, ಉಪಕರಣವನ್ನು ನಂಬು ಅಂತ ಹೇಳಿಕೊಟ್ಟವರೇ ಇಲ್ಲಿ ಬಂದು ಒಂದೇ ಉಪಕರಣವನ್ನೂ ನಂಬಬೇಡ, ಉಳಿದವುಗಳ ಸಾಕ್ಷಿ ಕೇಳು ಅನ್ನುತ್ತಾರೆ. ದಿಗಂತ ವಾಲಿದೆ ಅನ್ನುತ್ತಿದೆ, ತಿರುವಿನ ಮುಳ್ಳು ನೆಟ್ಟಗಿದೆ, ಕಂಪಾಸ್ ಕದಲಿಲ್ಲ. ಯಾರು ಸುಳ್ಳುಗಾರ? ಈ ಪಂಚಾಯಿತಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯಬೇಕು.

ತಿಂಗಳಿಗೊಮ್ಮೆಯಾದರೂ ಆಕಾಶದಲ್ಲಿ ಅಭ್ಯಾಸ. ಆಗ ಇನ್ನೊಬ್ಬ ಪೈಲಟ್ ಜೊತೆಗಿರಲೇಬೇಕು. ಡೂಲಿಟಲ್‌ನ ಮುಂದಿನ ಸೀಟಿನಲ್ಲೂ ಬೆನ್ ಕೆಲ್ಸಿ ಎಂಬ ಪೈಲಟ್ ಇದ್ದ, ಕಾವಲಿಗೆ. ನನಗೆ ನನ್ನ ಆಫೀಸಿನ ಗೆಳೆಯನೊಬ್ಬನಿದ್ದಾನೆ. ಜಟಕಾ ಕುದುರೆಯ ಕಣ್ಣಿನ ಬದಿಗೆ ಪಟ್ಟಿ ಕಟ್ಟುತ್ತಾರಲ್ಲ, ಅಂಥದೊಂದು ಮುಸುಕನ್ನು ನಾನು ಹಾಕಿಕೊಳ್ಳುತ್ತೇನೆ. ಉಪಕರಣಗಳು ಮಾತ್ರ ಕಾಣುತ್ತವೆ. ಗೆಳೆಯ ಹೊರಗೆ ನೋಡುತ್ತಾ ಬೇರೆ ವಿಮಾನಗಳಿಗೆ ಕಾವಲು. ಒಮ್ಮೆ ಲಿವರ್ಮೋರ್, ಒಮ್ಮೆ ಸ್ಟಾಕ್ಟನ್, ಒಮ್ಮೆ ಸಲೀನಾಸ್, ಬೇಕೆಂದೇ ಊರು ಬದಲಿಸುತ್ತೇವೆ. ಅವನ ಜೇಬಿನಲ್ಲಿ ಅಂಟು ಚೀಟಿಗಳಿರುತ್ತವೆ. ಹೇಳದೆ ಕೇಳದೆ ಒಂದು ಗಡಿಯಾರದ ಮೇಲೆ ಅಂಟಿಸಿಬಿಡುತ್ತಾನೆ, 'ಕೆಟ್ಟಿದೆ' ಅಂತ. ಆಟೊಪೈಲಟ್ ಮುಟ್ಟುವಂತಿಲ್ಲ.

ನಮ್ಮ ಇನ್ನೊಂದು ಕರಾರು: ಎರಡರಲ್ಲಿ ಒಂದು ಸಲವಾದರೂ ಇಳಿಯಬಾರದು. ನೆಲಕ್ಕೆ ಇನ್ನೂರು ಅಡಿ ಇರುವಾಗಲೂ ರನ್‌ವೇ ಕಾಣದಿದ್ದರೆ, ನಮ್ಮ ವೇಗಕ್ಕೆ ನೆಲ ಇನ್ನು ಅರ್ಧ ನಿಮಿಷವೂ ದೂರವಿಲ್ಲ, ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲೇರಬೇಕು. ಬಿಸಿಲಿನ ದಿನ ಯಾರೂ ಇದನ್ನು ಅಭ್ಯಾಸ ಮಾಡುವುದಿಲ್ಲ, ರನ್‌ವೇ ಕಣ್ಣೆದುರೇ ಇರುತ್ತದಲ್ಲ. ದೇಹ ಅತಿ ಜೋರಾಗಿ ಸುಳ್ಳು ಹೇಳುವುದೂ ಇಲ್ಲಿಯೇ. ವಿಮಾನ ಮುಂದಕ್ಕೆ ನುಗ್ಗಿದಾಗ ಬೆನ್ನು ಸೀಟಿಗೆ ಒತ್ತುತ್ತದೆ, ಮೂಗು ವಿಪರೀತ ಮೇಲಾಯಿತು ಅನ್ನಿಸುತ್ತದೆ, ಕೈ ಕೆಳಕ್ಕೆ ಒತ್ತಲು ಹೊರಡುತ್ತದೆ. ಕೆಳಗಿರುವುದು ನೆಲ.

ದೊಡ್ಡ ವಿಮಾನದವರಿಗೆ ಈ ಗೋಜಿಲ್ಲ ಎಂದುಕೊಳ್ಳಬೇಡಿ. 2009ರ ಜೂನ್ 1ರಂದು ರಿಯೊದಿಂದ ಪ್ಯಾರಿಸ್ಸಿಗೆ ಹೊರಟಿದ್ದ ಏರ್ ಫ್ರಾನ್ಸ್ 447ರಲ್ಲಿ ವೇಗ ಅಳೆಯುವ ಕೊಳವೆಗಳಿಗೆ ಹಿಮ ಕಟ್ಟಿ, ಆಟೊಪೈಲಟ್ ಕಳಚಿಕೊಂಡಿತು. ರಾತ್ರಿ, ಸಾಗರದ ಮೇಲೆ, ಅಪರೂಪಕ್ಕೆ ಬಳಸುವ ವಿದ್ಯೆ ಇದ್ದಕ್ಕಿದ್ದಂತೆ ಬೇಕಾಯಿತು. ಐದು ನಿಮಿಷವೂ ಸಿಗಲಿಲ್ಲ. 228 ಜನ ಹೋದರು. ಆಮೇಲಿನ ವರ್ಷಗಳಲ್ಲಿ, ಸಾಧ್ಯವಾದಾಗೆಲ್ಲ ಪೈಲಟ್‌ಗಳಿಗೆ ಕೈಯಲ್ಲೇ ಹಾರಿಸಲು ಅವಕಾಶ ಕೊಡಿ ಎಂದು ಅಮೆರಿಕದ ವಿಮಾನಯಾನ ಇಲಾಖೆ ಕಂಪನಿಗಳಿಗೆ 2013ರಲ್ಲಿ ಸಲಹೆ ಕೊಟ್ಟಿತು.

ಕಳೆದ ವರ್ಷ ಜೂನ್‌ನ ಒಂದು ಬೆಳಿಗ್ಗೆ ಹೆಂಡತಿ, ಮಗಳ ಜೊತೆ ಪಾಲೋ ಆಲ್ಟೊದಿಂದ ಏರಿದೆ. ಸಾವಿರ ಅಡಿಗೆ ಮೋಡ. ಕಿಟಕಿ ಸುಣ್ಣ ಬಳಿದಂತಾಯಿತು. ಕಂಟ್ರೋಲರ್ ಬಲಕ್ಕೆ ತಿರುಗಲು ಹೇಳಿದರು. ಸೆಕೆಂಡಿಗೆ ಮೂರು ಡಿಗ್ರಿಯಂತೆ ಉದ್ದದ ತಿರುವು. ಸರಿಯಾದ ದಿಕ್ಕಿಗೆ ಬಂದು ರೆಕ್ಕೆ ನೇರ ಮಾಡಿದ್ದೇ ತಡ, ಎಡಕ್ಕೆ ಉರುಳುತ್ತಿದ್ದೇವೆ ಎಂದು ಇಡೀ ಮೈ ಕೂಗಿತು. ಕುತ್ತಿಗೆ ತಾನಾಗಿ ಬಲಕ್ಕೆ ವಾಲಿತು. ದಿಗಂತ ನೇರವಿದೆ, ತಿರುವಿನ ಮುಳ್ಳು ನೇರವಿದೆ, ದಿಕ್ಕು ಕದಲುತ್ತಿಲ್ಲ. ಮೂರು ಸಾಕ್ಷಿ ಒಂದು ಕಡೆ, ನನ್ನ ಕಿವಿ ಒಂದು ಕಡೆ. ಹಿಂದಿನ ಶನಿವಾರವಷ್ಟೇ ಗೆಳೆಯನ ಚೀಟಿಗಳ ಜೊತೆ ಇದೇ ಜಗಳ ಆಡಿ ಬಂದಿದ್ದೆ. ಕೈ ಅಲ್ಲಾಡಿಸಲಿಲ್ಲ. ಒಂದು ನಿಮಿಷ ಹಾಗೇ ಕುತ್ತಿಗೆ ಸೊಟ್ಟ ಮಾಡಿಕೊಂಡು ಏರಿದೆ. ಎರಡು ಸಾವಿರ ಅಡಿ ದಾಟಿದಾಗ ಫಳಾರನೆ ಬಿಸಿಲು. ಬಿಳಿ ಹಾಸಿಗೆಯ ಆಚೆ ಹ್ಯಾಮಿಲ್ಟನ್ ಬೆಟ್ಟ, ಅದರ ತಲೆಯ ಮೇಲೆ ಲಿಕ್ ವೀಕ್ಷಣಾಲಯದ ಬಿಳಿ ಗುಮ್ಮಟ. ಹಿಂದಿನಿಂದ ಮಗಳು ಕೇಳಿದಳು, "ಅಪ್ಪಾ, ನೀನ್ಯಾಕೆ ಹಂಗೆ ಸೊಟ್ಟ ಕೂತಿದ್ದೆ?"

ನಮ್ಮ ಮನೆಯಲ್ಲಿ ಸರ್ಕಾರದ ನಿಯಮದ ಮೇಲೊಂದು ನಿಯಮವಿದೆ. ಹಿಂದಿನ ಮೂವತ್ತು ದಿನಗಳಲ್ಲಿ ಮೂರು ಅಪ್ರೋಚ್ ಕೈಯಲ್ಲೇ ಮಾಡಿರದಿದ್ದರೆ ಮನೆಯವರನ್ನು ಕೂರಿಸಿಕೊಂಡು ಮೋಡಕ್ಕೆ ಹೋಗುವಂತಿಲ್ಲ. ಫ್ರಿಜ್ಜಿನ ಮೇಲೆ ಕ್ಯಾಲೆಂಡರ್ ಅಂಟಿಸಿದೆ. ಗುರುತು ಹಾಕುವ ಅಧಿಕಾರ ಮಗಳದ್ದು, ನನ್ನದಲ್ಲ.

ಈ ನಿಯಮ ಒಮ್ಮೆ ತುಂಬಾ ಚುಚ್ಚಿತು. ಊರಿಂದ ಅಮ್ಮ ಬಂದಿದ್ದರು. ಮಗ ವಿಮಾನ ಬಿಡುತ್ತಾನೆ ಅಂತ ತೀರ್ಥಹಳ್ಳಿಯ ಬೀದಿಗೆಲ್ಲ ಹೇಳಿ ಬಂದಿದ್ದಾರೆ. ಮಾಂಟೆರೆಗೆ ಹಾರಿ ಅಲ್ಲಿನ ಮತ್ಸ್ಯಾಲಯ ತೋರಿಸುವುದೆಂದು ನಿಶ್ಚಯ. ವಾಪಸು ಟಿಕೆಟ್ಟಿಗೆ ಉಳಿದದ್ದು ನಾಲ್ಕೇ ದಿನ. ವಿಮಾನ ವಾರ್ಷಿಕ ತಪಾಸಣೆಗೆಂದು ಶೆಡ್ಡಿನಲ್ಲಿದ್ದು ಹಿಂದಿನ ದಿನ ಹೊರಬಂದಿತ್ತು, ನಾನು ಮುಸುಕು ಹಾಕಿ ನಲವತ್ತು ದಿನವಾಗಿತ್ತು. ಕಾನೂನಿನ ಆರು ಲೆಕ್ಕ ಪುಸ್ತಕದಲ್ಲಿ ಭದ್ರವಾಗಿತ್ತು. ಬೆಳಿಗ್ಗೆ ಮಾಂಟೆರೆಯ ಮೇಲೆ ಐನೂರು ಅಡಿಗೆ ಮೋಡ. ಮಗಳು ಕ್ಯಾಲೆಂಡರಿನ ಮುಂದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಕಾರಿನ ಬೀಗದ ಕೈ ತೆಗೆದುಕೊಂಡೆ.

ಅಮ್ಮ ಅರ್ಧ ದಾರಿಯವರೆಗೆ ಮಾತಾಡಲಿಲ್ಲ. ಆಮೇಲೆ ಕೇಳಿದರು: "ಹಂಗಾರೆ ಮೋಡದೊಳಗೆ ನಿಂಗೆ ದಾರಿ ಕಾಣಲ್ವೇನೋ?"

"ಕಾಣಲ್ಲಮ್ಮ. ಮುಳ್ಳು ನೋಡ್ಕೊಂಡು ಹೋಗಬೇಕು. ಆ ಅಭ್ಯಾಸ ಸ್ವಲ್ಪ ತಪ್ಪಿದೆ."

"ಅಭ್ಯಾಸ ತಪ್ಪಿದ್ರೆ ಕಾರೇ ವಾಸಿ ಮಾರಾಯ. ತಿಂಡಿಗಾದ್ರೂ ನಿಲ್ಲಿಸಬಹುದು," ಎಂದು ಡಬ್ಬಿ ಬಿಚ್ಚಿ ಕೋಡುಬಳೆ ಹಂಚಿದರು. ಮೂರು ದಿನದ ಮೇಲೆ, ಬಿಸಿಲು ಚೆನ್ನಾಗಿದ್ದ ಮಧ್ಯಾಹ್ನ, ಕೊಲ್ಲಿಯ ಮೇಲೆ ಅರ್ಧ ಗಂಟೆ ಹಾರಿಸಿದೆ. ಗೋಲ್ಡನ್ ಗೇಟ್ ಸೇತುವೆಯನ್ನು ಮೇಲಿಂದ ನೋಡಿದರು. ಕ್ರಿಸಿ ಫೀಲ್ಡ್ ತೋರಿಸಿ ಕುರ್ಚಿಯ ಕತೆ ಹೇಳಿದೆ, ಇಂಜಿನ್ ಸದ್ದಿನಲ್ಲಿ ಎಷ್ಟು ಕೇಳಿಸಿತೋ.

ಈ ತಿಂಗಳ ಕ್ಯಾಲೆಂಡರಿನಲ್ಲಿ ಎರಡು ಗುರುತು ಬಿದ್ದಿವೆ. ಮೂರನೆಯದಕ್ಕೆ ಶನಿವಾರ ಬೆಳಿಗ್ಗೆ ಏಳಕ್ಕೆ ಗೆಳೆಯ ಬರುತ್ತಾನೆ, ಸ್ಟಾಕ್ಟನ್ ಕಡೆಗೆ. ಹೊಸ ಅಂಟು ಚೀಟಿಯ ಕಟ್ಟು ತಂದಿದ್ದಾನಂತೆ. ಮಗಳು ಹಿಂದಿನ ಸೀಟಿನಲ್ಲಿ ತಾನೂ ಬರುತ್ತೇನೆ, ಯಾವ ಗಡಿಯಾರಕ್ಕೆ ಅಂಟಿಸಬೇಕೆಂದು ತಾನೇ ಹೇಳುತ್ತೇನೆ ಅಂತ ಅವನ ಹತ್ತಿರ ಆಗಲೇ ಮಾತಾಡಿಕೊಂಡಿದ್ದಾಳೆ.